ಹಾವು ಸಾವಾಗಲು ಒಂದು ಬಿಟ್ ಸಾಕು

2003ರ ಮೇ 18ರಂದು ಬೆಲ್ಜಿಯಂನಲ್ಲಿ ಚುನಾವಣೆ ನಡೆಯಿತು. ಬ್ರಸೆಲ್ಸ್‌ನ ಸ್ಕಾರ್‌ಬೀಕ್ ಎಂಬಲ್ಲಿ ಮತದಾನಕ್ಕೆ ಕಂಪ್ಯೂಟರ್ ಬಳಸಿದ್ದರು. ಎಣಿಕೆ ಮುಗಿದಾಗ ಒಬ್ಬ ಅಭ್ಯರ್ಥಿಗೆ ಲೆಕ್ಕದ ಪ್ರಕಾರ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದಿದ್ದವು. ಮತ್ತೆ ಎಣಿಸಿದರು. ಹೆಚ್ಚುವರಿಯಾಗಿ ಸೇರಿಕೊಂಡಿದ್ದು ಸರಿಯಾಗಿ 4096 ಮತ. ಕಂಪ್ಯೂಟರ್ ಬಲ್ಲವರಿಗೆ ಈ ಸಂಖ್ಯೆಯನ್ನು ನೋಡಿದೊಡನೆ ಏನೋ ಹೊಳೆಯುತ್ತದೆ. ಎರಡನ್ನು ಹನ್ನೆರಡು ಸಲ ಗುಣಿಸಿದರೆ 4096. ಅಂದರೆ ಯಂತ್ರದ ಮೆಮೊರಿಯಲ್ಲಿ ಸೊನ್ನೆಯಾಗಿ ಇರಬೇಕಿದ್ದ ಒಂದೇ ಒಂದು ಬಿಟ್ ಒಂದಾಗಿಬಿಟ್ಟರೆ ಬರುವ ವ್ಯತ್ಯಾಸ ಇದು. ತಂತ್ರಾಂಶವನ್ನು ಪರೀಕ್ಷಿಸಿದ ತಜ್ಞರಿಗೆ ಅದರಲ್ಲಿ ದೋಷ ಸಿಗಲಿಲ್ಲ. ಬಿಟ್ ತಾನಾಗಿಯೇ ಮಗುಚಿರಬೇಕು ಎಂಬಲ್ಲಿಗೆ ಬಂದು ನಿಂತರು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಆಕಾಶದಿಂದ ಬಂದ ಕಣದ ಬಗ್ಗೆ ಬೆರಗುಪಡುತ್ತಾರೆ. ಬೆರಗುಪಡಬೇಕಾದದ್ದು ಬೇರೆ ಕಡೆ ಇದೆ. ತಪ್ಪು ಸಿಕ್ಕಿಬಿದ್ದದ್ದು ಫಲಿತಾಂಶ ಅಸಾಧ್ಯವಾಗಿತ್ತು ಎಂಬ ಒಂದೇ ಕಾರಣಕ್ಕೆ. ಮಗುಚಿದ ಬಿಟ್ 4096ರ ಜಾಗದ್ದಾಗಿರದೆ 16ರ ಜಾಗದ್ದೋ 32ರ ಜಾಗದ್ದೋ ಆಗಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ.

ಮನೆಯ ಕಂಪ್ಯೂಟರಿಗೆ ಇಸಿಸಿ ಮೆಮೊರಿ, ಅಂದರೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಮೆಮೊರಿ, ಬೇಕೇ ಬೇಡವೇ ಎಂಬ ಹಳೆಯ ತಕರಾರನ್ನು ಇಲ್ಲಿಂದ ಶುರುಮಾಡುವುದು ಒಳ್ಳೆಯದು. ಬೇಡ ಎನ್ನುವವರ ಮುಖ್ಯ ವಾದ, ‘ಇಷ್ಟು ವರ್ಷ ಇಲ್ಲದೆಯೇ ನಡೆದಿದೆ, ಏನೂ ಆಗಿಲ್ಲ’ ಎಂಬುದು. ಏನೂ ಆಗಿಲ್ಲ ಎಂದು ಹೇಳಲು ಅವರ ಬಳಿ ಇರುವ ಆಧಾರವೇನು? ಆದರೆ ತಿಳಿಸುವ ವ್ಯವಸ್ಥೆಯೇ ಆ ಯಂತ್ರದಲ್ಲಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇದನ್ನು ತೋರಿಸುವುದು ಸುಲಭ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ‘ಸ’ ಅಕ್ಷರದ್ದು 3256, ‘ಹ’ ಅಕ್ಷರದ್ದು 3257. ಎರಡರ ನಡುವೆ ಇರುವುದು ಕೊನೆಯ ಒಂದು ಬಿಟ್‌ನ ವ್ಯತ್ಯಾಸ. ಅದು ಮಗುಚಿದರೆ ‘ಹಾವು’ ಇದ್ದಲ್ಲಿ ‘ಸಾವು’ ಬರುತ್ತದೆ, ‘ಹಾಲು’ ಇದ್ದಲ್ಲಿ ‘ಸಾಲು’. ‘ಬ’ 3244, ‘ಮ’ 3246. ಇಲ್ಲೂ ಒಂದೇ ಬಿಟ್. ‘ಬರ’ ಎಂದು ಬರೆದದ್ದು ‘ಮರ’ ಆಗುತ್ತದೆ, ‘ಮಾತು’ ‘ಬಾತು’ವಾಗುತ್ತದೆ. ‘ಕ’ 3221, ‘ಗ’ 3223. ‘ಕಂಡ’ ಎಂದಿದ್ದಲ್ಲಿ ‘ಗಂಡ’ ಬಂದು ಕೂರುತ್ತಾನೆ. ಹಳಗನ್ನಡದ ‘ಪಾವು’ ‘ಹಾವು’ ಆಗಲು ತಲೆಮಾರುಗಳು ಬೇಕಾದವು. ‘ಹಾವು’ ‘ಸಾವು’ ಆಗಲು ಕ್ಷಣವೂ ಬೇಡ. ಇವೆಲ್ಲ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಕವೂ ಸುಮ್ಮನಿರುತ್ತದೆ. ಅಂಕಿಗಳ ಕತೆಯೂ ಅಷ್ಟೇ. ಪಠ್ಯವಾಗಿ ಉಳಿಸಿದ ‘1’ ಒಂದು ಬಿಟ್ ಬದಲಾದರೆ ‘9’ ಆಗುತ್ತದೆ, ‘0’ ಇದ್ದದ್ದು ‘8’ ಆಗುತ್ತದೆ. 1,200 ರೂಪಾಯಿ 9,200 ಆದರೆ ಅದು ತಪ್ಪಿನಂತೆ ಕಾಣುವುದೇ ಇಲ್ಲ, ಇನ್ನೊಂದು ಮೊತ್ತದಂತೆ ಕಾಣುತ್ತದೆ.

ಇಂಥ ಸಣ್ಣ ತಪ್ಪಿಗೆ ಕಾವಲು ಹಾಕುವುದು ವಿಶೇಷವೇನಲ್ಲ. ಸುತ್ತಮುತ್ತ ನೋಡಿದರೆ ಎಲ್ಲ ಕಡೆ ಆ ಕಾವಲು ಇದೆ. ಆಧಾರ್ ಸಂಖ್ಯೆಯ ಹನ್ನೆರಡು ಅಂಕಿಗಳಲ್ಲಿ ಕೊನೆಯದು ಉಳಿದ ಹನ್ನೊಂದರ ಮೇಲಿನ ಕಾವಲುಗಾರ. ಬರೆಯುವಾಗ ಒಂದು ಅಂಕಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲ. ತರಕಾರಿ ಗಾಡಿಗೆ ಅಂಟಿಸಿದ ಕ್ಯುಆರ್ ಚೀಟಿಯ ಮೂಲೆ ಹರಿದು, ಮಳೆಯಲ್ಲಿ ನೆನೆದು, ಅರಿಶಿನ ಮೆತ್ತಿಕೊಂಡಿದ್ದರೂ ಹಣ ಹೋಗಬೇಕಾದವರಿಗೇ ಹೋಗುತ್ತದೆ, ಏಕೆಂದರೆ ಆ ಕಪ್ಪು ಬಿಳಿ ಚೌಕಗಳಲ್ಲಿ ಒಂದು ಪಾಲು ಉಳಿದವನ್ನು ತಿದ್ದುವುದಕ್ಕೆಂದೇ ಇದೆ. ಹಾರ್ಡ್ ಡಿಸ್ಕಿನ ಪ್ರತಿ ಸೆಕ್ಟರಿಗೂ ತಿದ್ದುವ ಸಂಕೇತ ಜೊತೆಗಿರುತ್ತದೆ. ಎಸ್‌ಎಸ್‌ಡಿಗಳಂತೂ ಅದಿಲ್ಲದೆ ಬದುಕುವುದೇ ಇಲ್ಲ. ಜಾಲದಲ್ಲಿ ಹೋಗುವ ಪ್ರತಿ ಪೊಟ್ಟಣವನ್ನೂ ಮೊಹರು ಪರೀಕ್ಷಿಸಿಯೇ ಒಳಗೆ ಬಿಡುತ್ತಾರೆ. ಇಷ್ಟೆಲ್ಲ ಕಾವಲಿನ ನಡುವೆ, ಡಿಸ್ಕಿನಿಂದ ಬಂದದ್ದನ್ನೂ ಕೀಲಿಮಣೆಯಿಂದ ಬಂದದ್ದನ್ನೂ ಹಿಡಿದಿಟ್ಟುಕೊಳ್ಳುವ ಮುಖ್ಯ ಮೆಮೊರಿ ಮಾತ್ರ ಸಾಮಾನ್ಯ ಪಿಸಿಯಲ್ಲಿ ಬರಿಮೈಯಲ್ಲಿ ನಿಂತಿದೆ. ಅಲ್ಲಿ ಕೆಟ್ಟದ್ದು ಡಿಸ್ಕಿಗೆ ಹೋಗುವಾಗ ಡಿಸ್ಕು ಆ ತಪ್ಪನ್ನೇ ಬಹಳ ಶ್ರದ್ಧೆಯಿಂದ ಕಾಪಾಡುತ್ತದೆ. ಬ್ಯಾಕಪ್ ಕೂಡ ತಪ್ಪನ್ನೇ ನಕಲು ಮಾಡಿಕೊಳ್ಳುತ್ತದೆ.

ಮೊದಲು ಹೀಗಿರಲಿಲ್ಲ ಎಂಬುದು ಈ ಜಗಳದಲ್ಲಿ ಮರೆತುಹೋಗುವ ಸಂಗತಿ. 1981ರ ಐಬಿಎಂ ಪಿಸಿಯಲ್ಲಿ ಪ್ರತಿ ಎಂಟು ಬಿಟ್‌ಗೆ ಒಂಬತ್ತನೆಯದೊಂದು ಬಿಟ್ ಇತ್ತು. ಅದಕ್ಕೆ ಪ್ಯಾರಿಟಿ ಎನ್ನುತ್ತಿದ್ದರು. ತಿದ್ದಲು ಅದಕ್ಕೆ ಬರುತ್ತಿರಲಿಲ್ಲ. ತಪ್ಪು ಕಂಡರೆ ಪ್ಯಾರಿಟಿ ಚೆಕ್ ಎಂದು ತೆರೆಯ ಮೇಲೆ ಬರೆದು ಯಂತ್ರ ಅಲ್ಲೇ ನಿಂತುಬಿಡುತ್ತಿತ್ತು. ಒರಟು ವ್ಯವಸ್ಥೆ, ಆದರೆ ಪ್ರಾಮಾಣಿಕ. 1990ರ ದಶಕದಲ್ಲಿ ಪಿಸಿ ಅಗ್ಗವಾಗಬೇಕೆಂಬ ಪೈಪೋಟಿ ಹೆಚ್ಚಿದಂತೆ ಆ ಒಂಬತ್ತನೆಯ ಚಿಪ್ ದಂಡದ ಖರ್ಚಿನಂತೆ ಕಾಣತೊಡಗಿತು. 1995ರಲ್ಲಿ ಬಂದು ಮನೆ ಮನೆ ಸೇರಿದ ಇಂಟೆಲ್‌ನ ಟ್ರೈಟನ್ ಚಿಪ್‌ಸೆಟ್ ಪ್ಯಾರಿಟಿಯನ್ನು ಕೈಬಿಟ್ಟಿತು. ಅದೇ ಕಾಲದಲ್ಲಿ ಮಾರುಕಟ್ಟೆಯಲ್ಲಿ ನಕಲಿ ಪ್ಯಾರಿಟಿ ಮೆಮೊರಿಯೂ ಓಡಾಡುತ್ತಿತ್ತು. ಒಂಬತ್ತನೆಯ ಚಿಪ್ ಇರಬೇಕಾದ ಕಡೆ, ಯಂತ್ರ ಕೇಳಿದಾಗಲೆಲ್ಲ ಅದಕ್ಕೆ ಬೇಕಾದ ಉತ್ತರವನ್ನು ಆ ಕ್ಷಣಕ್ಕೆ ತಯಾರಿಸಿ ಕೊಡುವ ಅಗ್ಗದ ಚಿಪ್ ಕೂರಿಸಿರುತ್ತಿದ್ದರು. ಲೆಕ್ಕ ಯಾವಾಗಲೂ ಸರಿ! ಪರೀಕ್ಷೆಗೆ ಕುಳಿತವನ ಕೈಗೆ ಉತ್ತರಪತ್ರಿಕೆ ತಿದ್ದುವ ಕೆಲಸವನ್ನೂ ಕೊಟ್ಟಂತೆ.

ತಿದ್ದುವ ವಿದ್ಯೆ ಇನ್ನೂ ಹಳೆಯದು. 1940ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯಕ್ಕೆ ತಮ್ಮ ಲೆಕ್ಕವನ್ನು ಯಂತ್ರಕ್ಕೆ ಕೊಟ್ಟು ಹೋಗುತ್ತಿದ್ದರು. ಎಲ್ಲೋ ಒಂದು ರಿಲೇ ತಪ್ಪಿದರೆ ಯಂತ್ರ ಅದನ್ನು ಕಂಡುಹಿಡಿದು ಆ ಲೆಕ್ಕವನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸೋಮವಾರ ಬಂದರೆ ಕೈಗೆ ಏನೂ ಸಿಗುತ್ತಿರಲಿಲ್ಲ. ತಪ್ಪಾಗಿದೆ ಎಂದು ಗೊತ್ತಾಗುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಎಂದೇಕೆ ಗೊತ್ತಾಗಬಾರದು ಎಂಬ ಸಿಟ್ಟಿನಿಂದ ಹುಟ್ಟಿದ್ದು 1950ರಲ್ಲಿ ಅವರು ಪ್ರಕಟಿಸಿದ ಸಂಕೇತ. ಅಂಗಡಿಯ ಲೆಕ್ಕದ ಪುಸ್ತಕ ಕಂಡವರಿಗೆ ಅದರ ಒಳಗುಟ್ಟು ಕಷ್ಟವಲ್ಲ. ಅಡ್ಡಸಾಲಿನ ಮೊತ್ತವನ್ನೂ ಉದ್ದಸಾಲಿನ ಮೊತ್ತವನ್ನೂ ಬೇರೆ ಬೇರೆ ಬರೆದಿಟ್ಟರೆ, ಮಧ್ಯದ ಒಂದು ಅಂಕಿ ಕೆಟ್ಟಾಗ ಒಂದು ಅಡ್ಡಸಾಲೂ ಒಂದು ಉದ್ದಸಾಲೂ ಕೂಡುವುದಿಲ್ಲ. ಅವೆರಡು ಸೇರುವ ಮನೆಯಲ್ಲೇ ತಪ್ಪಿದೆ. ಬಿಟ್‌ನಲ್ಲಿ ತಪ್ಪು ಎಲ್ಲಿದೆ ಎಂದು ತಿಳಿದರೆ ತಿದ್ದಿದಂತೆಯೇ, ಸೊನ್ನೆ ಅಲ್ಲದಿದ್ದರೆ ಒಂದು. ಹ್ಯಾಮಿಂಗ್ ಇದನ್ನು ಇನ್ನೂ ಮಿತವ್ಯಯದಲ್ಲಿ ಸಾಧಿಸಿದರು. 64 ಬಿಟ್‌ಗೆ 8 ಹೆಚ್ಚುವರಿ ಬಿಟ್ ಸೇರಿಸಿದರೆ ಒಂದು ತಪ್ಪನ್ನು ತಿದ್ದಬಹುದು, ಎರಡಾದರೆ ತಿದ್ದಲಾಗದಿದ್ದರೂ ಆಗಿದೆ ಎಂದು ಕೂಗಿ ಹೇಳಬಹುದು. ಇಸಿಸಿ ಮೆಮೊರಿ ಎಂದರೆ ಇಷ್ಟೇ. ಎಂಟು ಚಿಪ್ ಇದ್ದಲ್ಲಿ ಒಂಬತ್ತು.

ಬಿಟ್‌ಗಳು ಮಗುಚುವುದೇಕೆ? 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ತಿಮೊಥಿ ಮೇ ಮತ್ತು ಮರ್ರಿ ವುಡ್ಸ್ ಒಂದು ವಿಚಿತ್ರ ಕಾರಣ ಕಂಡುಕೊಂಡರು. ಚಿಪ್ಪಿನ ಹೊದಿಕೆಯ ವಸ್ತುವಿನಲ್ಲೇ ಯುರೇನಿಯಂ, ಥೋರಿಯಂಗಳ ಅಂಶ ಇತ್ತು. ಅವು ಹೊಮ್ಮಿಸುವ ಆಲ್ಫಾ ಕಣ ಒಳಗಿನ ವಿದ್ಯುದಂಶವನ್ನು ಕೆಡಿಸುತ್ತಿತ್ತು. ಅದೇ 1979ರಲ್ಲಿ ಐಬಿಎಂನ ಜೇಮ್ಸ್ ಝೀಗ್ಲರ್ ಮತ್ತು ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಲ್ಯಾನ್‌ಫರ್ಡ್ ವಿಶ್ವಕಿರಣಗಳೂ ಮೆಮೊರಿ ಕೆಡಿಸಬಲ್ಲವು ಎಂದು ತೋರಿಸಿದರು. ಈ ಕಿರಣಗಳಿಂದ ತಪ್ಪಿಸಿಕೊಳ್ಳುವುದು ಹಗುರದ ಮಾತಲ್ಲ. 1965ರಲ್ಲಿ ನ್ಯೂಟ್ರಿನೊ ಹುಡುಕಿದ ವಿಜ್ಞಾನಿಗಳು ಅವುಗಳ ಗಲಾಟೆಯಿಂದ ದೂರವಿರಲು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಾಯಿತು. ಮನೆಯ ಪಿಸಿಯನ್ನು ಅಲ್ಲಿಗೆ ಒಯ್ಯುವಂತಿಲ್ಲ.

ಆದರೆ ವಿಶ್ವಕಿರಣದ ಕತೆ ರೋಚಕವಾದಷ್ಟೂ ದಾರಿ ತಪ್ಪಿಸುತ್ತದೆ. ಗೂಗಲ್ ತನ್ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಯಂತ್ರಗಳು ಕನಿಷ್ಠ ಒಂದು ಮೆಮೊರಿ ತಪ್ಪನ್ನು ಕಂಡಿದ್ದವು. ಮೆಮೊರಿ ಪಟ್ಟಿಗಳನ್ನೇ ತೆಗೆದುಕೊಂಡರೆ ಶೇ 8ಕ್ಕೂ ಹೆಚ್ಚು. ಅದಕ್ಕಿಂತ ಮುಖ್ಯವಾದ ಫಲಿತಾಂಶ ಇನ್ನೊಂದು. ತಪ್ಪುಗಳಲ್ಲಿ ಹೆಚ್ಚಿನವು ಆಕಾಶದಿಂದ ಬಿದ್ದವಲ್ಲ, ಹಾಳಾಗುತ್ತಿರುವ ಯಂತ್ರಾಂಶದಿಂದಲೇ ಬಂದವು. ಒಮ್ಮೆ ತಪ್ಪಿದ ಪಟ್ಟಿ ಮತ್ತೆ ಮತ್ತೆ ತಪ್ಪುತ್ತದೆ; ಉಳಿದ ಬಹುಪಾಲು ಪಟ್ಟಿಗಳು ವರ್ಷವಿಡೀ ಒಂದು ಬಿಟ್ ಕೂಡ ಕಳೆಯುವುದಿಲ್ಲ.

ಇದು ಬೇಡ ಎನ್ನುವವರ ಕೈಗೂ ಒಂದು ಒಳ್ಳೆಯ ಅಸ್ತ್ರ. ಹಗಲಿರುಳು ಓಡುವ ಸಾವಿರಾರು ಸರ್ವರ್‌ಗಳ ಲೆಕ್ಕವನ್ನು ಸಂಜೆ ಎರಡು ಗಂಟೆ ತೆರೆಯುವ ಮನೆಯ ಯಂತ್ರಕ್ಕೆ ಹಚ್ಚುವಂತಿಲ್ಲ. 2011ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಸುಮಾರು ಹತ್ತು ಲಕ್ಷ ಸಾಮಾನ್ಯ ಪಿಸಿಗಳ ವರದಿಗಳನ್ನು ನೋಡಿದಾಗ, ಪ್ರೊಸೆಸರ್ ಒಟ್ಟು ಮೂವತ್ತು ದಿನ ದುಡಿಯುವಷ್ಟರಲ್ಲಿ 1700 ಯಂತ್ರಗಳಲ್ಲಿ ಒಂದು ಮಾತ್ರ ಒಂದು ಬಿಟ್‌ನ ಮೆಮೊರಿ ತಪ್ಪಿನಿಂದ ಕುಸಿದಿತ್ತು. ಹೆದರುವಂಥದ್ದೇನಲ್ಲ. ಆದರೆ ಆ ಸಂಶೋಧಕರಿಗೆ ಕಾಣುತ್ತಿದ್ದದ್ದು ಆಪರೇಟಿಂಗ್ ಸಿಸ್ಟಂ ಕೋಡ್ ಕೂತಿದ್ದ ಮೆಮೊರಿಯ ಚಿಕ್ಕ ಮೂಲೆ ಮಾತ್ರ. ಉಳಿದ ಕಡೆ, ಅಂದರೆ ಫೋಟೋ, ಪತ್ರ, ಲೆಕ್ಕ ಇರುವ ಕಡೆ, ಬಿಟ್ ಮಗುಚಿದ್ದರೆ ಯಂತ್ರ ಕುಸಿಯುವುದೇ ಇಲ್ಲ, ವರದಿಯೂ ಆಗುವುದಿಲ್ಲ. ಒಮ್ಮೆ ಹೀಗೆ ಕುಸಿದ ಯಂತ್ರ ಮತ್ತೆ ಅದೇ ರೀತಿ ಕುಸಿಯುವ ಸಾಧ್ಯತೆ ಹನ್ನೆರಡಕ್ಕೆ ಒಂದು ಎಂದೂ ಅವರು ಕಂಡರು. 1700ಕ್ಕೆ ಒಂದರಿಂದ 12ಕ್ಕೆ ಒಂದು!

ಮಗುಚಿದ ಬಿಟ್‌ಗಳಲ್ಲಿ ಬಹಳಷ್ಟು ಯಾರಿಗೂ ಕೆಡುಕು ಮಾಡುವುದಿಲ್ಲ ಎಂಬುದನ್ನೂ ಒಪ್ಪಬೇಕು. ಖಾಲಿ ಜಾಗದಲ್ಲೋ, ತೆರೆಯ ಮೇಲೆ ಅರೆಕ್ಷಣ ಮಿನುಗಿ ಹೋಗುವ ಚುಕ್ಕಿಯಲ್ಲೋ ಅವು ಮುಗಿದುಹೋಗುತ್ತವೆ. ಮನೆಯ ಮಾಹಿತಿ ಹಾಳಾಗುವುದು ಬಹುಪಾಲು ಬೇರೆ ಕಾರಣಗಳಿಗೆ. ಕರೆಂಟು ಹೋಗುತ್ತದೆ, ಡಿಸ್ಕು ಸಾಯುತ್ತದೆ, ಮಕ್ಕಳು ಅಳಿಸುತ್ತಾರೆ, ಹಿರಿಯರು ಅಳಿಸಿ ಮಕ್ಕಳ ಮೇಲೆ ಹಾಕುತ್ತಾರೆ. ಬ್ಯಾಕಪ್ ಇಲ್ಲದ ಮನೆಗೆ ಇಸಿಸಿ ಮೆಮೊರಿ ತರುವುದು ಬಾಗಿಲಿಲ್ಲದ ಮನೆಗೆ ಕಿಟಕಿಯ ಸರಳು ಹಾಕಿಸಿದಂತೆ. ಮೊದಲ ಹಣ ಇನ್ನೊಂದು ಡಿಸ್ಕಿಗೆ, ಎರಡನೆಯದು ಯುಪಿಎಸ್‌ಗೆ ಹೋಗಬೇಕು.

ಇಷ್ಟೆಲ್ಲ ಒಪ್ಪಿದ ಮೇಲೂ ಇಸಿಸಿಯ ಪರ ಇರುವ ವಾದ ಉಳಿಯುತ್ತದೆ, ಏಕೆಂದರೆ ಅದರ ನಿಜವಾದ ಬೆಲೆ ತಿದ್ದುವುದರಲ್ಲಿ ಇಲ್ಲ, ಹೇಳುವುದರಲ್ಲಿ ಇದೆ. ಕೆಟ್ಟ ಮೆಮೊರಿ ತಾನು ಕೆಟ್ಟಿದ್ದೇನೆ ಎಂದು ಹೇಳಿಕೊಳ್ಳುವುದಿಲ್ಲ. ಯಂತ್ರ ಒಮ್ಮೆ ತಾನಾಗಿ ಮತ್ತೆ ಶುರುವಾಗುತ್ತದೆ, ವಿಂಡೋಸ್‌ಗೆ ಬೈಯುತ್ತಾರೆ. ಬ್ರೌಸರ್ ಮುಚ್ಚಿಕೊಳ್ಳುತ್ತದೆ, ಬ್ರೌಸರಿಗೆ ಬೈಯುತ್ತಾರೆ. ಫೋಟೋವೊಂದರ ಕೆಳಗರ್ಧ ಬೂದಿಬಣ್ಣ ಆಗಿರುತ್ತದೆ, ಡಿಸ್ಕಿಗೆ ಬೈಯುತ್ತಾರೆ. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಇಸಿಸಿಯನ್ನು ಸಾಮಾನ್ಯ ಪಿಸಿಗಳಿಂದ ದೂರವಿಟ್ಟದ್ದಕ್ಕೆ 2021ರ ಮೊದಲ ವಾರದಲ್ಲೇ ಇಂಟೆಲ್ ವಿರುದ್ಧ ಕಟುವಾಗಿ ಬರೆದಿದ್ದರು. ಮರುವರ್ಷ ಅವರ ಸ್ವಂತ ಯಂತ್ರದಲ್ಲೇ, ಇಸಿಸಿ ಇಲ್ಲದ ಮೆಮೊರಿ ಪಟ್ಟಿಯೊಂದು ಕೆಟ್ಟು, ಕಂಪೈಲರ್ ಅಲ್ಲಲ್ಲಿ ಕಾರಣವಿಲ್ಲದೆ ಕುಸಿಯತೊಡಗಿತು. ಅವರೂ ಮೊದಲು ಅನುಮಾನಿಸಿದ್ದು ಹೊಸದಾಗಿ ಸೇರಿಸಿದ ಕೋಡನ್ನೇ. ಕರ್ನಲ್ ಬರೆದವರಿಗೇ ಹೀಗಾದರೆ, ಪುಣೆಯಲ್ಲೋ ಚೆನ್ನೈಯಲ್ಲೋ ಕೂತು ತಂದೆಯ ಕಾಲದ ಪತ್ರಗಳನ್ನು ಸ್ಕ್ಯಾನ್ ಮಾಡುತ್ತಿರುವವರು ಮೆಮೊರಿಯ ಮೇಲೆ ಅನುಮಾನ ಪಡುವುದು ಯಾವಾಗ? ಇಸಿಸಿ ಇದ್ದರೆ ಮೊದಲ ತಪ್ಪು ತಿದ್ದಿಕೊಂಡು ದಾಖಲೆಯಲ್ಲಿ ಒಂದು ಸಾಲು ಬೀಳುತ್ತದೆ. ಹತ್ತನೆಯ ಸಾಲು ಬೀಳುವ ಹೊತ್ತಿಗೆ ಯಾವ ಪಟ್ಟಿ ಬದಲಿಸಬೇಕು ಎಂದು ಗೊತ್ತಾಗಿರುತ್ತದೆ.

ದೊಡ್ಡವರು ಈ ಪಾಠವನ್ನು ದುಡ್ಡು ಕೊಟ್ಟು ಕಲಿತದ್ದುಂಟು. ಅಮೆರಿಕದ ವರ್ಜೀನಿಯಾ ಟೆಕ್ 2003ರಲ್ಲಿ 1,100 ಪವರ್ ಮ್ಯಾಕ್ ಜಿ5ಗಳನ್ನು ಜೋಡಿಸಿ, ಜಗತ್ತಿನ ಮೂರನೆಯ ಅತಿ ವೇಗದ ಕಂಪ್ಯೂಟರ್ ಕಟ್ಟಿತು. ಆ ಯಂತ್ರಗಳಿಗೆ ಇಸಿಸಿ ಇರಲಿಲ್ಲ. ಮರುವರ್ಷ ಇಸಿಸಿ ಇರುವ ಎಕ್ಸ್‌ಸರ್ವ್‌ಗಳನ್ನು ತಂದು ಎಲ್ಲವನ್ನೂ ಬದಲಿಸಿದರು. ಇನ್ನೊಂದು ಕಡೆ, ಆರ್ಟೆಮ್ ಡೈನಬರ್ಗ್ ಎಂಬ ಸಂಶೋಧಕ ಹೆಸರಾಂತ ಜಾಲತಾಣಗಳ ವಿಳಾಸಕ್ಕೆ ಒಂದೇ ಬಿಟ್ ವ್ಯತ್ಯಾಸ ಇರುವ ವಿಳಾಸಗಳನ್ನು ನೋಂದಾಯಿಸಿ ಸುಮ್ಮನೆ ಕಾದು ಕೂತ. ಕೈಬೆರಳಿನ ತಪ್ಪಿನಿಂದ ಆಗಲಾರದಂಥ ವಿಳಾಸಗಳವು. ಆದರೂ ಕೆಲವು ತಿಂಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕೋರಿಕೆಗಳು ಬಂದು ಆತನ ಬಾಗಿಲು ತಟ್ಟಿದವು. 2011ರಲ್ಲಿ ಅದನ್ನು ಪ್ರಕಟಿಸಿದ. ಎಲ್ಲೋ ಯಾರದೋ ಯಂತ್ರದಲ್ಲಿ ಬಿಟ್‌ಗಳು ಮಗುಚುತ್ತಲೇ ಇದ್ದವು, ಆ ಯಂತ್ರದ ಒಡೆಯರಿಗೆ ಗೊತ್ತಿರಲಿಲ್ಲ.

ಹಾಗಾದರೆ ಎಲ್ಲರಿಗೂ ಏಕೆ ಇಲ್ಲ? ಒಂಬತ್ತನೆಯ ಚಿಪ್ಪಿನ ಖರ್ಚು ಎಂಟನೇ ಒಂದು ಪಾಲು. ಡಿಡಿಆರ್ 5ರಲ್ಲಿ ಪ್ರತಿ ಪಟ್ಟಿಯೂ ಎರಡು ಹೋಳಾಗಿ ಕೆಲಸ ಮಾಡುವುದರಿಂದ ಎಂಟಕ್ಕೆ ಹತ್ತು ಚಿಪ್ ಬೇಕಾಗಬಹುದು, ಖರ್ಚು ಕಾಲುಭಾಗ. ಕಡಿಮೆಯೇನಲ್ಲ, ಆದರೆ ಬಣ್ಣ ಬಣ್ಣದ ದೀಪ ಹಚ್ಚಿದ ಮೆಮೊರಿಗೆ ಜನ ಕೊಡುವ ಹೆಚ್ಚುವರಿ ಬೆಲೆಯನ್ನು ನೋಡಿದರೆ ತೀರಾ ಭಾರವೂ ಅಲ್ಲ. ಅಡ್ಡಿ ಇರುವುದು ಮಾರಾಟದ ಲೆಕ್ಕಾಚಾರದಲ್ಲಿ. ಇಸಿಸಿ ಬೇಕೆನ್ನುವವರು ಸರ್ವರ್‌ನ ಬೆಲೆ ಕೊಡಲಿ ಎಂದು ಗೆರೆ ಎಳೆಯಲಾಗಿದೆ. ಇಂಟೆಲ್‌ನ ಹನ್ನೆರಡನೆಯ ತಲೆಮಾರಿನ ಅನೇಕ ಕೋರ್ ಪ್ರೊಸೆಸರ್‌ಗಳಿಗೆ ಇಸಿಸಿ ನಡೆಸುವ ಶಕ್ತಿ ಇದೆ, ಆದರೆ ಅದಕ್ಕೆ ಡಬ್ಲ್ಯು680 ಎಂಬ ವರ್ಕ್‌ಸ್ಟೇಷನ್ ದರ್ಜೆಯ ಮದರ್‌ಬೋರ್ಡೇ ಬೇಕು. ಎಎಂಡಿ ಇಷ್ಟು ಬಿಗಿಯಾಗಿಲ್ಲ. ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹಲವು ಇಸಿಸಿಯೊಂದಿಗೆ ಓಡುತ್ತವೆ, ಬೋರ್ಡ್ ತಯಾರಕರು ಮನಸ್ಸು ಮಾಡಿದ್ದರೆ. ತೀರಾ ಸಾಮಾನ್ಯ ಸುರಕ್ಷತೆಯೊಂದು ಹೀಗೆ ದುಬಾರಿ ದರ್ಜೆಯ ಗುರುತಾಗಿ ಉಳಿದಿರುವುದು ಸರಿಯಲ್ಲ. ಕಾರಿನ ಸೀಟ್ ಬೆಲ್ಟನ್ನು ದುಬಾರಿ ಮಾದರಿಗೆ ಮಾತ್ರ ಕೊಡುತ್ತೇವೆ ಎಂದರೆ ಯಾರು ಕೇಳುತ್ತಾರೆ?

ಈಗ ಇನ್ನೊಂದು ಗೊಂದಲ ಸೇರಿಕೊಂಡಿದೆ. ಡಿಡಿಆರ್ 5 ಮೆಮೊರಿಯಲ್ಲಿ ಇಸಿಸಿ ಒಳಗೇ ಬರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಅರ್ಧ ನಿಜ. ಚಿಪ್ಪಿನೊಳಗಿನ ಕೋಶಗಳು ಬಹಳ ಚಿಕ್ಕದಾದ್ದರಿಂದ ತಯಾರಕರು ತಮ್ಮ ಅನುಕೂಲಕ್ಕೆ ಒಳಗೇ ತಿದ್ದಿಕೊಳ್ಳುವ ಏರ್ಪಾಡು ಮಾಡಿದ್ದಾರೆ. ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಗೆ ಅದು ಕಾವಲು ಕೊಡುವುದಿಲ್ಲ, ಏನು ತಿದ್ದಿದೆ ಎಂದು ಯಂತ್ರಕ್ಕೆ ತಿಳಿಸುವುದೂ ಇಲ್ಲ. ಬಾಯಿಬಿಡದ ಕಾವಲುಗಾರ ಇದ್ದೂ ಅರ್ಧ ಇಲ್ಲದಂತೆ. ಮೆಮೊರಿಯ ಒಂದು ಸಾಲನ್ನು ಮತ್ತೆ ಮತ್ತೆ ಕುಟ್ಟಿ ಪಕ್ಕದ ಸಾಲಿನ ಬಿಟ್ ಮಗುಚಿಸುವ ರೋಹ್ಯಾಮರ್ ದಾಳಿ 2014ರಿಂದ ಗೊತ್ತಿರುವ ಸಂಗತಿ. ಇಸಿಸಿ ಅದನ್ನು ಕಷ್ಟವಾಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಅದಕ್ಕೆಂದೇ ಇಸಿಸಿ ಕೊಳ್ಳಬೇಕಾಗಿಲ್ಲ.

ಕೊಳ್ಳಬೇಕಾದವರು ಯಾರು ಎಂದರೆ, ಮೂಲ ಪ್ರತಿ ತಮ್ಮ ಬಳಿ ಮಾತ್ರ ಇರುವವರು. ಮನೆಯ ಮೂಲೆಯಲ್ಲಿ ಹಗಲಿರುಳು ಓಡುವ ಪೆಟ್ಟಿಗೆಯೊಂದರಲ್ಲಿ ಇಡೀ ಕುಟುಂಬದ ಫೋಟೋ ಕೂಡಿಟ್ಟವರು, ಗಿರಾಕಿಗಳ ಲೆಕ್ಕ ಇಟ್ಟುಕೊಂಡ ಸಣ್ಣ ಕಚೇರಿಯವರು, ಮತ್ತೆಲ್ಲೂ ಸಿಗದ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಮೂಲವನ್ನು ಗೆದ್ದಲಿಗೆ ಬಿಟ್ಟುಕೊಟ್ಟವರು, ವಾರಗಟ್ಟಲೆ ಓಡುವ ಲೆಕ್ಕ ಹಚ್ಚುವ ಸಂಶೋಧನಾ ವಿದ್ಯಾರ್ಥಿಗಳು. ಆಟ ಆಡುವವರಿಗೆ, ಎಲ್ಲವೂ ಬ್ರೌಸರಿನಲ್ಲೇ ಇರುವವರಿಗೆ ಇದು ಬೇಡ. ಲ್ಯಾಪ್‌ಟಾಪ್ ಮಾತ್ರ ಇರುವವರಿಗೆ ಹೆಚ್ಚಿನ ಮಾದರಿಗಳಲ್ಲಿ ಆಯ್ಕೆಯೇ ಇಲ್ಲ.

ಲ್ಯಾಮಿಂಗ್ಟನ್ ರೋಡ್, ನೆಹರೂ ಪ್ಲೇಸ್, ರಿಚಿ ಸ್ಟ್ರೀಟ್, ಎಸ್‌.ಪಿ. ರೋಡ್ ಎಲ್ಲೇ ಕೇಳಿದರೂ ಒಂದು ಎಚ್ಚರ ಬೇಕು. ಹಳೆಯ ಸರ್ವರ್‌ನಿಂದ ಕಿತ್ತ ಅಗ್ಗದ ಇಸಿಸಿ ಪಟ್ಟಿಗಳು ಸಾಮಾನ್ಯವಾಗಿ ‘ರಿಜಿಸ್ಟರ್ಡ್’ ಜಾತಿಯವು; ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಅವು ಓಡುವುದಿಲ್ಲ. ಬೇಕಾದದ್ದು ‘ಅನ್‌ಬಫರ್ಡ್’ ಇಸಿಸಿ. ಬೋರ್ಡ್ ಇಸಿಸಿಯನ್ನು ‘ಒಪ್ಪುತ್ತದೆ’ ಎಂದು ಬರೆದಿದ್ದರೆ, ಪಟ್ಟಿ ಹಾಕಿದಾಗ ಯಂತ್ರ ಓಡುತ್ತದೆ ಎಂದಷ್ಟೇ ಅರ್ಥವೋ, ತಿದ್ದುವ ಕೆಲಸವೂ ನಡೆಯುತ್ತದೆಯೋ ಎಂದು ಕೈಪಿಡಿಯಲ್ಲಿ ನೋಡಬೇಕು. ಹಾಕಿದ ಮೇಲೆ ಲಿನಕ್ಸ್‌ನಲ್ಲಿ ಇಡಿಎಸಿ ದಾಖಲೆಯಲ್ಲಿ, ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್‌ನ ವೀಯಾ ಸಾಲುಗಳಲ್ಲಿ ತಿಂಗಳಿಗೊಮ್ಮೆ ಕಣ್ಣಾಡಿಸಬೇಕು. ಇಸಿಸಿ ಇಲ್ಲದವರು ಮೆಮೊರಿಯನ್ನು ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೌಲಭ್ಯವನ್ನು ಆರಿಸಿಟ್ಟು, ವರ್ಷಕ್ಕೊಂದೆರಡು ಸಲ ಮಲಗುವ ಮುನ್ನ ಪೆನ್ ಡ್ರೈವ್‌ನಿಂದ ಮೆಮ್‌ಟೆಸ್ಟ್86+ ಹಚ್ಚಿಟ್ಟರೆ, ಬೆಳಿಗ್ಗೆ ತೆರೆಯ ಮೇಲೆ ಕೆಂಪು ಸಾಲು ಇದೆಯೋ ಇಲ್ಲವೋ ಕಾಫಿ ಕುಡಿಯುತ್ತಾ ನೋಡಬಹುದು. ಒಂದೇ ಒಂದು ಕೆಂಪು ಸಾಲು ಕಂಡರೂ ಆ ಪಟ್ಟಿಯನ್ನು ಅದೇ ದಿನ ಕಿತ್ತು ವಾರಂಟಿ ಚೀಟಿ ಹುಡುಕುವುದು ಒಳ್ಳೆಯದು.